ಜನವರಿಯಲ್ಲಿ ತೀರ್ಮಾನ ಬೇಡ

(ದಂಪತಿಯ ಒಪ್ಪಿಗೆ ಪಡೆದು ಬರೆದದ್ದು. ಹೆಸರು ಮತ್ತು ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

ಸುಮನಾಳನ್ನು ನನ್ನ ಬಳಿಗೆ ಕರೆತಂದದ್ದು ಅವಳ ತಾಯಿ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗಿನ ಹಳ್ಳಿಯೊಂದರ ಅಡಿಕೆ ಕೃಷಿಕರ ಮನೆ ಅವರದು. ನಾನೀಗ ಆಪ್ತಸಲಹೆಯ ಕೆಲಸ ಮಾಡುತ್ತಿದ್ದರೂ, ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಕಾಲದಿಂದಲೂ ಈ ಕಡೆಯವರಿಗೆ ನಾನು ಟೀಚರ್. ಆ ಸಲುಗೆಯಿಂದಲೇ ತಾಯಿ ಕುಳಿತುಕೊಳ್ಳುವ ಮೊದಲೇ ಹೇಳಿದರು: "ಟೀಚರೇ, ಇವಳು ಇನ್ನು ಅಲ್ಲಿಗೆ ಹೋಗುವುದಿಲ್ಲವಂತೆ. ನಾವೂ ಕಳುಹಿಸುವುದಿಲ್ಲ. ವಿಚ್ಛೇದನಕ್ಕೆ ಯಾವ ವಕೀಲರನ್ನು ಕಾಣಬೇಕು ಎಂದಷ್ಟೇ ಹೇಳಿ."

ಸುಮನಾಳಿಗೆ 29 ವರ್ಷ. ಬಿ.ಎಡ್. ಮುಗಿಸಿ ಎರಡು ವರ್ಷ ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿಸಿದವಳು. ಮದುವೆಯಾಗಿ ಕೆನಡಾದ ಎಡ್ಮಂಟನ್ ನಗರಕ್ಕೆ ಹೋಗಿ ಎರಡು ಚಳಿಗಾಲಗಳಾಗಿದ್ದವು. ಗಂಡನ ಹಿರಿಯರು ಕುಂಬಳೆ ಕಡೆಯವರೇ. ಆದರೆ ಅವನು ಹುಟ್ಟಿದ್ದು, ಓದಿದ್ದು, ಬೆಳೆದದ್ದು ಎಲ್ಲ ಎಡ್ಮಂಟನ್‌ನಲ್ಲಿ. ಜನವರಿ ಕೊನೆಯಲ್ಲಿ ಆರು ವಾರಕ್ಕೆಂದು ಊರಿಗೆ ಬಂದ ಸುಮನಾ, ಹಿಂತಿರುಗುವ ಟಿಕೆಟನ್ನು ತಾನಾಗಿ ರದ್ದು ಮಾಡಿದ್ದಳು.

ತಾಯಿಯ ಮಾತಿನಲ್ಲಿ ಒಂದು ತರ್ಕವಿತ್ತು. ಮಗಳು ಬಂದಿಳಿದಾಗ ಮುಖ ಊದಿಕೊಂಡಿತ್ತು, ದಿನಕ್ಕೆ ಹನ್ನೊಂದು ಹನ್ನೆರಡು ಗಂಟೆ ಮಲಗುತ್ತಿದ್ದಳು, ತಲೆ ಬಾಚಿಕೊಳ್ಳುವುದಕ್ಕೂ ಬೇಸರ. ಎರಡು ವಾರ ಕಳೆಯುವಷ್ಟರಲ್ಲಿ ಆರು ಗಂಟೆಗೆ ಏಳತೊಡಗಿದಳು, ತೋಟಕ್ಕೆ ಇಳಿದಳು, ನಕ್ಕಳು. "ನಮ್ಮ ಮನೆಯಲ್ಲಿ ಸರಿಯಾಗುತ್ತಾಳೆ ಎಂದ ಮೇಲೆ ದೋಷ ಆ ಮನೆಯಲ್ಲಿಯೇ ಇರಬೇಕಲ್ಲ?"

ತಾಯಿಯನ್ನು ಜಗಲಿಯಲ್ಲಿ ಕೂರಿಸಿ, ಮಗಳೊಬ್ಬಳ ಜೊತೆ ಮಾತನಾಡಿದೆ. ಇಂತಹ ಪ್ರಕರಣದಲ್ಲಿ ಮೊದಲು ಕೇಳಬೇಕಾದದ್ದನ್ನು ಮೊದಲೇ ಕೇಳುತ್ತೇನೆ. ಹೊಡೆಯುತ್ತಾನೆಯೇ, ಹಣ ಯಾರ ಕೈಯಲ್ಲಿದೆ, ಪಾಸ್‌ಪೋರ್ಟ್ ಯಾರ ಬಳಿ ಇದೆ, ಮನೆಗೆ ಫೋನ್ ಮಾಡಲು ಬಿಡುತ್ತಾನೆಯೇ? ಅವಳು ತಲೆಯಾಡಿಸಿದಳು. "ಅಂತಹದ್ದು ಏನೂ ಇಲ್ಲ ಟೀಚರ್. ಒಳ್ಳೆಯವರು. ಅದಕ್ಕೇ ಯಾರಿಗೂ ಹೇಳಲು ಬಾಯಿ ಬರಲಿಲ್ಲ." ಸಾಯಬೇಕೆಂಬ ಯೋಚನೆ ಬಂದಿತ್ತೇ ಎಂದೂ ನೇರವಾಗಿಯೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಸಾಯಬೇಕು ಎಂದಲ್ಲ. ಮಲಗಿದವಳು ಏಳದಿದ್ದರೆ ಒಳ್ಳೆಯದಿತ್ತು ಎಂದು ಅನಿಸುತ್ತಿತ್ತು." ಈ ಮಾತನ್ನು ನಾನು ಎಂದೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಇಂತಹ ಹೊತ್ತಿಗೆ ಕರೆ ಮಾಡಬಹುದಾದ ಸಹಾಯವಾಣಿ ನಮ್ಮಲ್ಲಿ ಟೆಲಿ ಮಾನಸ್ 14416, ಕೆನಡಾದಲ್ಲಿ 988. ಎರಡು ಸಂಖ್ಯೆಗಳನ್ನೂ ಅವಳ ಮೊಬೈಲ್‌ನಲ್ಲಿ ಅಲ್ಲಿಯೇ ಬರೆಸಿದೆ.

ಆಮೇಲೆ ಅವಳು ಒಂದು ಸಣ್ಣ ವಿಷಯದಿಂದ ಶುರುಮಾಡಿದಳು. ಊರಿನಿಂದ ಒಯ್ದ ತೆಂಗಿನೆಣ್ಣೆಯ ಕುಪ್ಪಿ. ನಮ್ಮಲ್ಲಿ ಅದು ಹೆಚ್ಚಿನ ಕಾಲ ನೀರಿನ ಹಾಗೆ ಇರುತ್ತದೆ. ಅಲ್ಲಿ ಬಿಳಿ ಕಲ್ಲಾಗಿ ಕೂತಿತು. ದಿನಾ ಬೆಳಿಗ್ಗೆ ಚಮಚದ ಹಿಡಿಯಿಂದ ಕೆರೆದು, ಅಂಗೈಯಲ್ಲಿ ತಿಕ್ಕಿ ಕರಗಿಸಿ ತಲೆಗೆ ಹಚ್ಚಬೇಕು. ಮೊದಲ ವರ್ಷ ಅದು ತಮಾಷೆಯಾಗಿತ್ತು. ಎರಡನೆಯ ವರ್ಷದ ಡಿಸೆಂಬರ್‌ನಲ್ಲಿ ಒಂದು ದಿನ ಆ ಕುಪ್ಪಿಯನ್ನು ಕೈಯಲ್ಲಿ ಹಿಡಿದು ಅಡುಗೆಮನೆಯ ನೆಲದಲ್ಲಿ ಕುಳಿತವಳು, ಗಂಡ ಕೆಲಸದಿಂದ ಬರುವವರೆಗೂ ಏಳಲಿಲ್ಲ. "ಎಣ್ಣೆ ಕೂಡ ಇಲ್ಲಿ ಬದುಕುವುದಿಲ್ಲ ಎಂದು ಅನಿಸಿತು ಟೀಚರ್."

ಇನ್ನೊಂದನ್ನು ಹೇಳಲು ಬಹಳ ಹಿಂಜರಿದಳು. ಅಲ್ಲಿ ಗಂಡನನ್ನು ಮುಟ್ಟಿದರೆ ಶಾಕ್ ಹೊಡೆಯುತ್ತಿತ್ತು. ಬಾಗಿಲ ಹಿಡಿ ಮುಟ್ಟಿದರೂ ಹಾಗೆಯೇ. ಹೊರಗಿನ ಕೊರೆಯುವ ಗಾಳಿಯಲ್ಲಿ ನೀರಿನ ಪಸೆ ಅತ್ಯಲ್ಪ. ಅದನ್ನೇ ಮನೆಯೊಳಗೆ ಬಿಸಿ ಮಾಡಿದಾಗ ಇನ್ನೂ ಒಣಗುತ್ತದೆ, ಕಂಬಳಿ ಮತ್ತು ಸ್ವೆಟರ್‌ಗಳ ತಿಕ್ಕಾಟಕ್ಕೆ ಮೈಯಲ್ಲಿ ವಿದ್ಯುತ್ತು ಕೂಡುತ್ತದೆ. ಕಾರಣ ಇಷ್ಟೇ. ಆದರೆ ಪ್ರತಿ ಸಲ ಬೆಚ್ಚಿಬಿದ್ದು ಅವಳು ಕೈ ಹಿಂದೆಗೆಯುವುದನ್ನು ರೂಢಿ ಮಾಡಿಕೊಂಡಳು. ಅವನು ಅದನ್ನು ಬೇರೆಯೇ ಅರ್ಥ ಮಾಡಿಕೊಂಡ. ಎಷ್ಟೋ ತಿಂಗಳು ಇಬ್ಬರೂ ಆ ಕುರಿತು ಮಾತನಾಡಲೇ ಇಲ್ಲ. ದಾಂಪತ್ಯ ಒಡೆಯುವುದಕ್ಕೆ ದೊಡ್ಡ ಕಾರಣವೇ ಬೇಕೆಂದಿಲ್ಲ ಎಂಬುದನ್ನು ಈ ಕೆಲಸದಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ, ಆದರೂ ಇದನ್ನು ಕೇಳಿದಾಗ ನನಗೆ ಸಂಕಟವಾಯಿತು.

ಉಳಿದದ್ದು ಊಹಿಸಬಹುದಾದದ್ದೇ. ಮೊದಲ ನವೆಂಬರ್‌ನಲ್ಲಿ ಹಿಮಗಡ್ಡೆಯ ಮೇಲೆ ಜಾರಿ ಬಿದ್ದು ಮಣಿಕಟ್ಟಿಗೆ ಪೆಟ್ಟಾಯಿತು. ಆಮೇಲೆ ಒಬ್ಬಳೇ ಹೊರಗೆ ಕಾಲಿಡಲಿಲ್ಲ. ಶಿಕ್ಷಕಿಯಾಗಿ ಕೆಲಸ ಮಾಡಲು ಅಲ್ಲಿಯ ಅರ್ಹತಾ ಪತ್ರ ಬರಬೇಕಿತ್ತು, ಅದು ತಡವಾಗುತ್ತಲೇ ಇತ್ತು. ಬಿಸಿ ಹೊರಹೋಗಬಾರದೆಂದು ಹಗಲಿನಲ್ಲೂ ಪರದೆ ಎಳೆದುಕೊಂಡು ಇರುತ್ತಿದ್ದಳು.

ನಾನು ಕೇಳಿದೆ: "ಜೂನ್‌ನಲ್ಲಿ ಹೇಗಿದ್ದೆ?"

ಮುಖ ಅರಳಿತು. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಂತೆ. ಕುಂಡಗಳಲ್ಲಿ ಹರಿವೆ, ಕೊತ್ತಂಬರಿ ಬೆಳೆಸಿದ್ದಳು. ಊಟ ಮುಗಿಸಿ ಇಬ್ಬರೂ ನದಿಯ ದಂಡೆಯಲ್ಲಿ ಮೈಲಿಗಟ್ಟಲೆ ನಡೆಯುತ್ತಿದ್ದರು. ಮೊದಲ ಚಳಿಗಾಲದ ಭಾರ ಏಪ್ರಿಲ್‌ನಲ್ಲಿ ತಾನಾಗಿಯೇ ಇಳಿದಿತ್ತು, ಅಕ್ಟೋಬರ್ ಕೊನೆಯಲ್ಲಿ ಮತ್ತೆ ಬಂತು. ತಾಯಿಯನ್ನು ಒಳಗೆ ಕರೆದು ಇದನ್ನು ಅವರ ಎದುರಿನಲ್ಲೇ ಇನ್ನೊಮ್ಮೆ ಹೇಳಿಸಿದೆ. ದೋಷ ಮನೆಯದ್ದಾಗಿದ್ದರೆ ಜೂನ್‌ನಲ್ಲಿಯೂ ಇರಬೇಕಿತ್ತು. ಮನೆ ಅದೇ, ಗಂಡ ಅವನೇ, ಬದಲಾದದ್ದು ಹಗಲು.

ಕಾಸರಗೋಡಿನಲ್ಲಿ ವರ್ಷದ ಅತಿ ಸಣ್ಣ ಹಗಲು ಕೂಡ ಸುಮಾರು ಹನ್ನೊಂದೂವರೆ ಗಂಟೆಯದು. ಎಡ್ಮಂಟನ್ ಇರುವುದು 53 ಡಿಗ್ರಿ ಉತ್ತರ ಅಕ್ಷಾಂಶದ ಆಚೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ಅಲ್ಲಿ ಸೂರ್ಯ ಕಾಣುವುದು ಬೆಳಿಗ್ಗೆ 8.45 ದಾಟಿದ ಮೇಲೆ, ಮುಳುಗುವುದು ಸಂಜೆ 4.15ರ ಹೊತ್ತಿಗೆ. ಏಳೂವರೆ ಗಂಟೆಯ ಹಗಲು, ಅದನ್ನೂ ಪರದೆ ಎಳೆದು ಹೊರಗಿಟ್ಟರೆ ದೇಹದೊಳಗಿನ ಗಡಿಯಾರ ದಾರಿ ತಪ್ಪದೆ ಇರುತ್ತದೆಯೇ? ಇದನ್ನು ಋತುಮಾನದ ಖಿನ್ನತೆ ಎನ್ನುತ್ತಾರೆ. 1984ರಲ್ಲಿ ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ಇದನ್ನು ಗುರುತಿಸಿ ವಿವರಿಸಿದರು. ಸಾಮಾನ್ಯ ಖಿನ್ನತೆಯಲ್ಲಿ ನಿದ್ದೆ ಹಾರಿಹೋಗುವುದೇ ಹೆಚ್ಚು. ಇದರಲ್ಲಿ ನಿದ್ದೆ ಹೆಚ್ಚುತ್ತದೆ, ಅನ್ನ, ಸಿಹಿತಿಂಡಿಗಳ ಮೇಲೆ ಆಸೆ ಹೆಚ್ಚುತ್ತದೆ, ಕೈಕಾಲು ಸೀಸದಂತೆ ಭಾರ. ಸೋಮಾರಿತನ ಎಂದು ಸುಮನಾ ತನ್ನನ್ನು ತಾನೇ ಹಳಿದುಕೊಂಡದ್ದೆಲ್ಲ ರೋಗದ ಲಕ್ಷಣಗಳಾಗಿದ್ದವು.

ಆದರೆ ನಿರ್ಣಯ ನನ್ನದಲ್ಲ. ಮನೋವೈದ್ಯರ ಬಳಿಗೆ ಕಳುಹಿಸಿದೆ. ಅವರು ಥೈರಾಯ್ಡ್, ಹಿಮೋಗ್ಲೋಬಿನ್, ವಿಟಮಿನ್ ಡಿ ಪರೀಕ್ಷೆ ಮಾಡಿಸಿ, ನನ್ನ ಅನುಮಾನ ಸರಿ ಎಂದರು. ಥೈರಾಯ್ಡ್ ಸರಿಯಿತ್ತು, ವಿಟಮಿನ್ ಡಿ ತೀರಾ ಕಡಿಮೆ. ಎಡ್ಮಂಟನ್‌ನಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬಿಸಿಲಿಗೆ ನಿಂತರೂ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದಿಲ್ಲ ಎಂಬುದು 1988ರ ಅಧ್ಯಯನವೊಂದರಲ್ಲಿಯೇ ದಾಖಲಾಗಿದೆ. ಸಸ್ಯಾಹಾರಿಯಾದ ಅವಳಿಗೆ ಮೀನಿನಿಂದಲೂ ಅದು ಸಿಗುವಂತಿಲ್ಲ. ಮಾತ್ರೆ ಶುರುವಾಯಿತು. ಅದು ಎಲುಬಿಗೆ ಬೇಕಾದದ್ದು, ಮನಸ್ಸಿನ ಭಾರಕ್ಕೆ ಅದೊಂದೇ ಮದ್ದಲ್ಲ ಎಂದು ವೈದ್ಯರೇ ತಿಳಿಸಿ ಹೇಳಿದರು.

ಗಂಡನ ಜೊತೆ ವಿಡಿಯೊದಲ್ಲಿ ಮಾತನಾಡಿದೆ. ಕನ್ನಡ ಚೆನ್ನಾಗಿಯೇ ಬರುತ್ತದೆ, ಮನೆಯಲ್ಲಿ ಕಲಿತ ಮೃದುವಾದ ಕನ್ನಡ. ಅವನ ನೋವು ನಾನು ನಿರೀಕ್ಷಿಸಿದ ಕಡೆಯಲ್ಲಿರಲಿಲ್ಲ. "ಅವಳು ಇದನ್ನು ಸ್ಮಶಾನ ಎಂದಳು, ಟೀಚರ್. ಇದು ನನ್ನ ಊರು. ನಾನು ಇಲ್ಲಿಯ ಹಿಮದಲ್ಲಿ ಆಡಿ ಬೆಳೆದವನು." ನಮ್ಮವರು ಪರದೇಶಕ್ಕೆ ಹೋದವರ ಮನೆಯನ್ನು ಊರು ಎಂದು ಒಪ್ಪಿಕೊಳ್ಳುವುದೇ ಇಲ್ಲ, ಅವರು ಅಲ್ಲಿ ತಾತ್ಕಾಲಿಕವಾಗಿ ಇದ್ದಾರೆ ಎಂದೇ ಭಾವಿಸುತ್ತೇವೆ. ಅವನಿಗೆ ಮಂಜುಗಟ್ಟಿದ ಮೈದಾನದಲ್ಲಿ ಸ್ಕೇಟಿಂಗ್ ಕಲಿತ ನೆನಪು, ನಮಗೆ ತೋಡಿನಲ್ಲಿ ಈಜು ಕಲಿತ ನೆನಪಿದ್ದ ಹಾಗೆ. ಅವನ ಊರಿನ ಬಗ್ಗೆ ನಾನು ಗೌರವದಿಂದ ಕೇಳಿದೆ. ರಾತ್ರಿ ಕಾರಿನ ಎಂಜಿನ್‌ಗೆ ವಿದ್ಯುತ್ ತಂತಿ ಸಿಕ್ಕಿಸಿ ಬೆಚ್ಚಗಿಡದಿದ್ದರೆ ಬೆಳಿಗ್ಗೆ ಹೊರಡುವುದಿಲ್ಲ ಎಂದು ವಿವರಿಸಿದ. ಆಗ ನಾನು ಹೇಳಿದೆ: "ಕಾರಿಗೆ ಇಷ್ಟು ಬೇಕು ಎಂದು ನಿಮಗೆ ಗೊತ್ತಿದೆ. ಹನ್ನೆರಡು ಡಿಗ್ರಿ ಅಕ್ಷಾಂಶದಿಂದ ಬಂದವಳಿಗೆ ಏನು ಬೇಕು ಎಂದು ಕೇಳಿದ್ದೀರಾ?" ಅವನು ಹೇಳಿದ್ದು ಒಂದೇ, "ಅಭ್ಯಾಸವಾಗುತ್ತದೆ ಎಂದು ಹೇಳುತ್ತಿದ್ದೆ." ಅವನಿಗೆ ಆ ಅಭ್ಯಾಸ ಬಾಲ್ಯದಲ್ಲಿ ಒಬ್ಬೊಬ್ಬರು ಕೈಹಿಡಿದು ಕಲಿಸಿದ್ದರಿಂದ ಬಂದದ್ದು. ಅವಳಿಗೆ ಯಾರೂ ಕಲಿಸಿರಲಿಲ್ಲ. ದಪ್ಪ ಕೋಟಿನ ಒಳಗೆ ಅವಳು ತೊಡುತ್ತಿದ್ದದ್ದು ಹತ್ತಿಯ ಚೂಡಿದಾರ, ಹತ್ತಿಯ ಕಾಲುಚೀಲ. ಹತ್ತಿ ಬೆವರನ್ನು ಹೀರಿ ಒದ್ದೆಯಾಗಿ ಮೈಗೆ ಅಂಟುತ್ತದೆ, ಅಲ್ಲಿಂದಲೇ ಚಳಿ ಹಿಡಿಯುತ್ತದೆ.

ಸಲಹೆ ಕೊಡುವಾಗ ನನಗೆ ನೆರವಾದದ್ದು ಜಡಿಮಳೆಯ ನಮ್ಮ ಆಟಿ ತಿಂಗಳು (ತುಳುವರ ಲೆಕ್ಕದಲ್ಲಿ ಜುಲೈ-ಆಗಸ್ಟ್). ಮನೆಯಿಂದ ಹೊರಗೆ ಕಾಲಿಡಲಾಗದ ಮಳೆ ನಮ್ಮ ಹಿರಿಯರಿಗೂ ಇತ್ತು. ಅವರು ಅದನ್ನು ಸಹಿಸುತ್ತ ಕೂರಲಿಲ್ಲ, ಬೇಸಗೆಯಲ್ಲಿಯೇ ಹಪ್ಪಳ ಒಣಗಿಸಿದರು, ಹಲಸಿನ ಸೊಳೆಯನ್ನು ಉಪ್ಪಿಗೆ ಹಾಕಿದರು, ಕಟ್ಟಿಗೆ ಕೂಡಿಟ್ಟರು. ಸುಮನಾಳ ತಂದೆ ಅಂದು ಜೊತೆಗಿದ್ದರು. ಅವರನ್ನು ಕೇಳಿದೆ: "ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವುದು ಯಾವಾಗ?" "ಮಳೆ ಹಿಡಿಯುವ ಮೊದಲು. ಕಾಯಿ ಉದುರಿದ ಮೇಲೆ ಬೋರ್ಡೋ ದ್ರಾವಣ ಬಿಟ್ಟು ಏನು ಪ್ರಯೋಜನ?" ಎಂದರು. ಹಾಗೆಯೇ ಸೆಪ್ಟೆಂಬರ್ ಕೊನೆಗೇ ತಯಾರಿ ಆಗಬೇಕು ಎಂದು ಗೊತ್ತುಮಾಡಿದೆವು.

ಮುಖ್ಯವಾದದ್ದು ಬೆಳಕಿನ ಪೆಟ್ಟಿಗೆ. 10,000 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಬೆಳಕು ಕೊಡುವ ದೀಪ, ಅತಿನೇರಳೆ ಕಿರಣವನ್ನು ಸೋಸಿದ್ದು. ಬೆಳಿಗ್ಗೆ ಎದ್ದ ಒಂದು ಗಂಟೆಯೊಳಗೆ, ಒಂದೂವರೆ ಎರಡು ಅಡಿ ದೂರದಲ್ಲಿ, ನೇರ ದಿಟ್ಟಿಸದೆ ಅರ್ಧ ಗಂಟೆ ಕೂರಬೇಕು. ನಮ್ಮ ಕೋಣೆಯ ದೀಪಗಳು ಕೊಡುವುದು ಕೆಲವು ನೂರು ಲಕ್ಸ್ ಮಾತ್ರ. ಕಣ್ಣಿನ ರೆಟಿನಾ ತೊಂದರೆ ಇರುವವರು, ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ದೀಪದ ಮುಂದೆ ಒಬ್ಬಳೇ ಕೂರಲು ಆಗದು ಎಂದಳು. ಲೆಕ್ಕ ಹಾಕಿದೆವು. ಚಳಿಗಾಲದಲ್ಲಿ ಅಲ್ಲಿ ಬೆಳಿಗ್ಗೆ ಏಳು ಎಂದರೆ ಇಲ್ಲಿ ರಾತ್ರಿ ಏಳೂವರೆ. ಭಜನೆ ಮುಗಿದು, ಅಪ್ಪ ಅಡಿಕೆ ಸುಲಿಯಲು ಕೂರುವ ಹೊತ್ತು. ಆ ಅರ್ಧ ಗಂಟೆ ತವರಿನ ಕರೆಗೆ ಎಂದು ಒಪ್ಪಂದವಾಯಿತು. ತಾಯಿಗೆ ಮಾತ್ರ ಒಂದು ಕಟ್ಟುಪಾಡು ಹಾಕಿದೆ: "ಬಂದುಬಿಡು ಮಗಳೇ" ಎಂಬ ಮಾತು ಆ ಕರೆಯಲ್ಲಿ ಬರಬಾರದು. ಅವರಿಗೆ ಅದು ಕಷ್ಟವಾಯಿತು. "ಆಟಿಗೆ ಮದುಮಗಳು ತವರಿಗೆ ಬರುವುದಿಲ್ಲವೇ ಟೀಚರೇ?" ಎಂದರು. ಬರುತ್ತಾಳೆ, ಮುಂದಿನ ತಿಂಗಳು ಸೋಣ ಬಂದ ಮೇಲೆ ಹಿಂತಿರುಗುತ್ತಾಳೆ ಎಂದೆ.

ಗಂಡನಿಗೆ ಹೇಳಿದ್ದು ಹೆಚ್ಚಿಲ್ಲ. ಮೈಗೆ ತಾಗುವಂತೆ ಬೆವರು ಹಿಡಿಯದ ಬಟ್ಟೆ, ಮೇಲೆ ಉಣ್ಣೆ, ಅದರ ಮೇಲೆ ಗಾಳಿ ತಡೆಯುವ ಕೋಟು, ಬೂಟಿಗೆ ಕಟ್ಟುವ ಮೊಳೆಪಟ್ಟಿ. ಮಲಗುವ ಕೋಣೆಯಲ್ಲಿ ಗಾಳಿಗೆ ತೇವ ಕೊಡುವ ಯಂತ್ರ. ಮಧ್ಯಾಹ್ನ ಹನ್ನೆರಡಕ್ಕೆ ಪರದೆ ಸರಿಸಿ ಇಪ್ಪತ್ತು ನಿಮಿಷ ನಡಿಗೆ. ಆದರೆ ಗಾಳಿಯೂ ಸೇರಿ ಚಳಿ ಮೈನಸ್ 28ಕ್ಕಿಂತ ಕೆಳಗಿಳಿದ ದಿನ ಬೇಡ, ತೆರೆದ ಚರ್ಮ ಹತ್ತರಿಂದ ಮೂವತ್ತು ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ವಾರಕ್ಕೊಮ್ಮೆ ಅವಳನ್ನು ಸ್ಕೇಟಿಂಗ್‌ಗೆ ಕರೆದೊಯ್ದು, ಆರು ವರ್ಷದ ಮಗುವಿಗೆ ಕಲಿಸುವ ಹಾಗೆ ಕಲಿಸಬೇಕು.

ಇಬ್ಬರಿಗೂ ಸೇರಿ ಒಂದು ಮಾತು: ಅಲ್ಲಿರುವುದೋ ಬಿಡುವುದೋ, ಒಟ್ಟಿಗಿರುವುದೋ ಬೇರೆಯಾಗುವುದೋ, ಯಾವ ತೀರ್ಮಾನವನ್ನೂ ಡಿಸೆಂಬರ್, ಜನವರಿಯಲ್ಲಿ ಮಾಡಬಾರದು. ಏಪ್ರಿಲ್ 15ಕ್ಕೆ ಕುಳಿತು ಮಾತನಾಡಬೇಕು. ಆಗಲೂ ಬೇಡ ಎನಿಸಿದರೆ ಅದನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ, ಬಲವಂತದ ಸಂಸಾರಕ್ಕೆ ನನ್ನ ಬೆಂಬಲವಿಲ್ಲ ಎಂದೂ ತಿಳಿಸಿದೆ.

ಅವಳು ಮಾರ್ಚ್ ಕೊನೆಗೆ ಹಿಂತಿರುಗಿದಳು. ಮುಂದಿನ ಚಳಿಗಾಲ ಸುಲಭವಾಗಿರಲಿಲ್ಲ. ಬೆಳಕಿನ ಪೆಟ್ಟಿಗೆಯಿಂದ ಮೊದಮೊದಲು ತಲೆನೋವು ಬಂತು, ಸಮಯ ಕಡಿಮೆ ಮಾಡಿ ನಿಧಾನವಾಗಿ ಏರಿಸಿದಳು. ಜನವರಿಯ ಒಂದು ರಾತ್ರಿ ಟಿಕೆಟ್ ಹುಡುಕುತ್ತ ಕುಳಿತದ್ದಾಗಿ, ಕ್ಯಾಲೆಂಡರ್‌ನಲ್ಲಿ ಕೆಂಪಾಗಿ ಗುರುತಿಸಿದ್ದ ಏಪ್ರಿಲ್ 15 ಕಂಡು ಮೊಬೈಲ್ ಕೆಳಗಿಟ್ಟದ್ದಾಗಿ ಬರೆದಳು. ಮಲಗಿ ಏಳದಿರುವ ಯೋಚನೆ ಮಾತ್ರ ಆ ವರ್ಷ ಬರಲಿಲ್ಲ.

ಏಪ್ರಿಲ್ 15ರಂದು ಇಬ್ಬರೂ ವಿಡಿಯೊದಲ್ಲಿ ಪಕ್ಕಪಕ್ಕ ಕುಳಿತಿದ್ದರು. ಅವಳಿಗೆ ಒಂದು ಮಕ್ಕಳ ಕೇಂದ್ರದಲ್ಲಿ ಅರ್ಧ ದಿನದ ಕೆಲಸ ಸಿಕ್ಕಿತ್ತು. ಇನ್ನೊಂದು ಚಳಿಗಾಲ ನೋಡುತ್ತೇವೆ ಎಂದಳು. ದಕ್ಷಿಣದ ಕಡೆ ಕೆಲಸ ಹುಡುಕಲು ತಾನು ಸಿದ್ಧ ಎಂದು ಅವನು ತಾನಾಗಿಯೇ ಹೇಳಿದಾಗ, ಅವಳು ಅವನ ಕೈಮೇಲೆ ಕೈಯಿಟ್ಟು "ಈಗಲೇ ಬೇಡ" ಎಂದಳು. ಶಾಕ್ ಹೊಡೆಯಲಿಲ್ಲ.

ತಾಯಿ ಈ ಜೂನ್‌ನಲ್ಲಿ ಅಲ್ಲಿಗೆ ಹೊರಟಿದ್ದಾರೆ. ರಾತ್ರಿ ಹತ್ತು ಗಂಟೆಯ ಬಿಸಿಲನ್ನು ನೋಡಬೇಕಂತೆ. ಉಪ್ಪಿಗೆ ಹಾಕಿದ ಸೊಳೆಯನ್ನು ವಿಮಾನದಲ್ಲಿ ಒಯ್ಯಲು ಬಿಡುತ್ತಾರೆಯೇ ಎಂದು ಕೇಳಲು ಮೊನ್ನೆ ಫೋನ್ ಮಾಡಿದ್ದರು.