ಪ್ರತಿಕ್ರಿಯೆ: ಎತ್ತಿದ ಮರುದಿನವೇ ಮತ್ತೆ ಬೀಳುವ ಕಸ

ಪಾಲಿಕೆಯವರು ತಿರುವಿನ ಕಸ ಎತ್ತಿದ ಮರುದಿನವೇ ಮತ್ತೆ ರಾಶಿ ಬೀಳುತ್ತೆ, ಬೆಂಗಳೂರಿನ ನಿವಾಸಿಗಳಾಗಿ ನಾವೇನು ಮಾಡಬಹುದು ಅಂತ ಕೇಳಿದ್ದೀರಲ್ಲ. ದೂರು ಕೊಡೋ ಮೊದಲು, ಅಲ್ಲಿ ಎಸೆಯೋರು ಯಾರು, ಎಷ್ಟು ಹೊತ್ತಿಗೆ ಅಂತ ನೋಡಿ. ಸಾಮಾನ್ಯವಾಗಿ ಮನೆಮನೆಯ ಕಸ ಒಯ್ಯೋ ಆಟೋ ಟಿಪ್ಪರ್ ಬರೋಷ್ಟರಲ್ಲಿ ಕೆಲಸಕ್ಕೆ ಹೊರಟುಬಿಡೋ ಬಾಡಿಗೆಯವರು, ರಾತ್ರಿ ವ್ಯಾಪಾರ ಮುಗಿಸೋ ತಳ್ಳುಗಾಡಿಯವರು. ಅವರನ್ನು ಬೈದು ಪ್ರಯೋಜನವಿಲ್ಲ, ಕಸದ ಗಾಡಿ ಬರೋ ಹೊತ್ತು ಬದಲಾಗಬೇಕು.

ಆ ಬೀದಿ ಗುಡಿಸೋ ಪೌರಕಾರ್ಮಿಕರನ್ನೇ ಮೊದಲು ಕೇಳಿ. ಯಾವ ಮನೆ ಕಸ ಬೇರ್ಪಡಿಸಲ್ಲ ಅನ್ನೋದು ಅವರಿಗೆ ಬಾಯಿಪಾಠ. ಆಮೇಲೆ ಹತ್ತು ಮನೆಯವರು ಸೇರಿ ವಾರ್ಡಿನ ಹೆಲ್ತ್ ಇನ್‌ಸ್ಪೆಕ್ಟರನ್ನು ಆ ಜಾಗಕ್ಕೇ ಕರೆಸಿ, ಕಚೇರಿಯಲ್ಲಿ ಮಾತಾಡಿದರೆ ಅರ್ಜಿ ಫೈಲಿಗೆ ಹೋಗುತ್ತೆ, ಅಷ್ಟೇ.

ತೆರವು ಮಾಡಿದ ದಿನವೇ ನೆಲ ತೊಳೆದು ರಂಗೋಲಿ ಹಾಕಿ. ನಗಬೇಡಿ, ನಗರದ ಎಷ್ಟೋ ಕಡೆ ಪಾಲಿಕೆ ಸಿಬ್ಬಂದಿಯೇ ಇದನ್ನು ಮಾಡಿದ್ದಾರೆ. ಆದರೆ ಬರೀ ರಂಗೋಲಿ ನಾಲ್ಕು ದಿನದ್ದು. ಮೊದಲ ಒಂದೆರಡು ವಾರ ರಾತ್ರಿ ಹೊತ್ತು ಯಾರಾದರೂ ಅಲ್ಲಿ ನಿಂತಿರಲೇಬೇಕು. ಹಸಿ ಕಸ, ಒಣ ಕಸ ಬೇರ್ಪಡಿಸಿ ಕೊಡಬೇಕು ಅಂತ ಘನತ್ಯಾಜ್ಯ ನಿಯಮವೇ ಹೇಳುತ್ತೆ, ಹಾಗಾಗಿ ನೆರೆಮನೆಯವರಿಗೆ ಹೇಳೋಕೆ ಸಂಕೋಚ ಬೇಡ.

ನಿಮ್ಮಲ್ಲಿ ಗಾಡಿ ಎಷ್ಟು ಗಂಟೆಗೆ ಬರುತ್ತೆ?