ಇಮೇಲ್‌ಗಳ ಒಳಗಿನ ಬರಹವನ್ನು ಓದದೆಯೇ ಅಪರಾಧ ತನಿಖೆಗೆ ಸುಳಿವು ಸಿಗುತ್ತದೆಯೇ?

ಸಿಗುತ್ತದೆ, ಆದರೆ ಸುಳಿವು ಮಾತ್ರ. ಅಮೆರಿಕದ ಎನ್ರಾನ್ ಪ್ರಕರಣವನ್ನೇ ನೋಡಿ. ಲೆಕ್ಕಪತ್ರದ ಭಾರಿ ವಂಚನೆ ಬಯಲಾಗಿ ಈ ಇಂಧನ ಕಂಪನಿ 2001ರ ಡಿಸೆಂಬರ್‌ನಲ್ಲಿ ದಿವಾಳಿಯಾಯಿತು. ಅದರ ಸುಮಾರು 150 ಮಂದಿಯ ಇಮೇಲ್‌ಗಳನ್ನು ಅಲ್ಲಿನ ಇಂಧನ ನಿಯಂತ್ರಣ ಆಯೋಗ 2003ರಲ್ಲಿ ಬಹಿರಂಗಪಡಿಸಿತು. ಸಂಶೋಧಕರ ಕೈಗೆ ಬಂದದ್ದು ಸುಮಾರು ಐದು ಲಕ್ಷ ಸಂದೇಶಗಳು! ಕುಳಿತು ಓದಿ ಮುಗಿಸುವ ಮಾತಲ್ಲ.

ಹಾಗಾಗಿ ಮೊದಲು ನೋಡುವುದು ಲಕೋಟೆಯ ಮೇಲ್ಭಾಗವನ್ನು: ಯಾರಿಂದ, ಯಾರಿಗೆ, ಯಾವಾಗ. ಪ್ರತಿಯೊಬ್ಬರೂ ಒಂದು ಚುಕ್ಕಿ, ಅವರ ನಡುವಿನ ಪತ್ರವ್ಯವಹಾರ ಒಂದು ಗೆರೆ. ರಂಗೋಲಿಯಂತೆ ಚಿತ್ರ ಮೂಡುತ್ತದೆ. ಹುದ್ದೆಯಲ್ಲಿ ಕೆಳಗಿದ್ದರೂ ಎರಡು ಗುಂಪುಗಳನ್ನು ಬೆಸೆಯುವವರು ಅದರಲ್ಲಿ ಎದ್ದು ಕಾಣುತ್ತಾರೆ. ದಿನವೂ ಬರೆಯುತ್ತಿದ್ದ ಇಬ್ಬರು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಅದೂ ಕಾಣುತ್ತದೆ. ನನಗಂತೂ ಗದ್ದಲಕ್ಕಿಂತ ಈ ಮೌನವೇ ಹೆಚ್ಚು ಕುತೂಹಲದ್ದು. ಮಾತುಕತೆ ಫೋನಿಗೆ ಹೊರಳಿರಬಹುದು. ಒಬ್ಬರು ರಜೆಯ ಮೇಲೆ ಊರಿಗೆ ಹೋಗಿರಲೂಬಹುದು.

ಎಡವುವುದೂ ಇಲ್ಲಿಯೇ. ಎಲ್ಲರೊಂದಿಗೂ ಗೆರೆ ಕೂಡಿದ ‘ಸೂತ್ರಧಾರ’ ಎಷ್ಟೋ ಸಲ ಸಭೆಯ ಸಮಯ ತಿಳಿಸುವ ಕಾರ್ಯದರ್ಶಿಯಾಗಿರುತ್ತಾರೆ. ಐದು ಲಕ್ಷದಲ್ಲಿ ಯಾರ ಪತ್ರಗಳನ್ನು ಮೊದಲು ತೆರೆಯಬೇಕು ಎಂಬುದನ್ನಷ್ಟೇ ಈ ನಕ್ಷೆ ಹೇಳುತ್ತದೆ. ಆರೋಪ ಹೊರಿಸಬೇಕಾದರೆ ಪತ್ರವನ್ನು ಓದಲೇಬೇಕು.