ಹಲಸಿನ ಮರ ಬಿತ್ತು, ತಂಬೂರಿ ಮಾಡ್ಲಾ?

ಪ್ರಶ್ನೆ (ಸಾಗರದ ಓದುಗರೊಬ್ಬರು): ಸರ್, ಹೋದ ಮಳೆಗಾಲದ ಗಾಳಿಗೆ ಮನೆ ಹಿಂದಿನ ಹಲಸಿನ ಮರ ಬಿತ್ತು, ಅಜ್ಜನ ಕಾಲದ್ದು. ಆಚಾರಿ ಬಾಗಿಲು ಮಾಡಿಸಿ ಅಂತಾರೆ, ನಂಗೆ ಒಂದು ತಂಬೂರಿ ಮಾಡೋ ಆಸೆ. ನಾಟ ಇನ್ನೂ ಅಂಗಳದಲ್ಲೇ ಬಿದ್ದಿದೆ. ತೋಟದಲ್ಲಿ ಸಿಲ್ವರ್ ಓಕ್ ಇದೆ, ಬೇಲಿ ಕಡೆ ಅಕೇಶಿಯಾ ಇದೆ, ಅಟ್ಟದ ಮೇಲೆ ಹಳೇ ಬೀಟೆ ಮಂಚದ ಕಾಲುಗಳಿವೆ. ಯಾವುದನ್ನ ಯಾವುದಕ್ಕೆ ಹಾಕ್ಲಿ? ಮರಗೆಲಸ ಸುಮಾರಾಗಿ ಬರುತ್ತೆ.

ಉತ್ತರ: ಮಾರಾಯ್ರೆ, ಪತ್ರಿಕೆ ಕೆಳಗಿಟ್ಟು ಮೊದ್ಲು ಅಂಗಳಕ್ಕೆ ಹೋಗಿ ಆ ನಾಟದ ಎರಡೂ ತುದಿಗೆ ದಪ್ಪಗೆ ಪೇಂಟ್ ಬಳೀರಿ, ಇಲ್ಲಾ ಮೇಣ ಕರಗಿಸಿ ಸವರಿ, ಕೆಳಗೆ ಎರಡು ಕಲ್ಲು ಕೊಟ್ಟು ನೆಲದಿಂದ ಎತ್ತಿಡಿ, ಉಳಿದದ್ದು ಆಮೇಲೆ ಓದಿದ್ರಾಯ್ತು. ಮರದ ನೀರು ಮೈಯಿಂದ ಆರೋದಕ್ಕಿಂತ ಎಷ್ಟೋ ಬೇಗ ತುದಿಯಿಂದ ಆರುತ್ತೆ, ಅದಕ್ಕೇ ತುದಿ ಸೀಳೋದು. ಈಗಾಗ್ಲೇ ಸೀಳಿದ್ರೆ ಬಿರುಕು ಪೂರ್ತಿ ಮುಗಿಯೋ ತನಕ ಕತ್ತರಿಸಿ ತೆಗೀರಿ, ಅಯ್ಯೋ ಉದ್ದ ಹೋಯ್ತಲ್ಲ ಅಂತ ಜಿಪುಣತನ ಮಾಡ್ಬೇಡಿ.

ಹಲಸು ತಂಬೂರಿಗೂ ವೀಣೆಗೂ ನಮ್ಮ ಕಡೆಯ ಹಳೇ ಮರ. ತಂಜಾವೂರಲ್ಲಿ ಕೊಡ (ನಾದ ತುಂಬೋ ದುಂಡು ಬುರುಡೆ), ದಂಡಿ (ಉದ್ದದ ಕತ್ತು), ಯಾಳಿ (ತುದಿಯ ಸಿಂಹದ ಥರದ ಮುಖ) ಎಲ್ಲಾ ಒಂದೇ ಹಲಸಿನ ದಿಮ್ಮಿಯಲ್ಲಿ ತೋಡಿದ್ರೆ ಅದನ್ನ ಏಕಾಂಡ ವೀಣೆ ಅಂತಾರೆ. ಹಲಸು ಯಾಕೆ ಅಂದ್ರೆ ತೀರಾ ಭಾರ ಇಲ್ಲ, ಉಳಿಗೆ ಒಗ್ಗುತ್ತೆ, ಕೆಚ್ಚಿಗೆ ಗೆದ್ದಲು ಸುಲಭಕ್ಕೆ ಹತ್ತಲ್ಲ. ಆದ್ರೆ ಕೆಚ್ಚು ಮಾತ್ರ, ಹೊರಗಿನ ಬಿಳಿ ಭಾಗ ಬೇಡ, ಅದಕ್ಕೆ ಕುಟ್ಟೆ ಹುಳ ಬಿದ್ರೆ ಒಂದು ವರ್ಷದಲ್ಲಿ ತಂಬೂರಿ ಕೆಳಗೆ ಹಿಟ್ಟು ಉದುರುತ್ತೆ. ಕೆಚ್ಚು ಈಗ ಅರಿಶಿನ ಬಣ್ಣಕ್ಕಿರುತ್ತೆ, ವರ್ಷ ಕಳೆದ ಹಾಗೆ ಕಂದಾಗುತ್ತೆ, ಪಾಲಿಶ್ ಹಾಕಿ ಬಣ್ಣ ಹಿಡಿದಿಡ್ತೀನಿ ಅನ್ನೋದೆಲ್ಲ ವ್ಯರ್ಥ. (ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕ್ತಿದ್ದದ್ದೂ ಈ ಹಲಸಿನ ಕೆಚ್ಚಿಂದಲೇ.)

ಈಗ ಮುಖ್ಯ ವಿಷಯ. ನಂಗೆ ಬರೋ ಪತ್ರದಲ್ಲಿ ಮುಕ್ಕಾಲು ಪಾಲು "ಯಾವ ಮರ" ಅಂತಲೇ ಕೇಳ್ತವೆ, "ಹೇಗೆ ಸೀಳಿದ್ದು, ಎಷ್ಟು ಒಣಗಿದ್ದು" ಅಂತ ಯಾರೂ ಕೇಳಲ್ಲ. ಹಸಿ ಬೀಟೆಗಿಂತ ಒಣಗಿದ ಮಾವು ಎಷ್ಟೋ ವಾಸಿ ಸ್ವಾಮಿ. ನನ್ನ ಮೊದಲನೇ ತಂಬೂರಿ ಕಥೆ ಕೇಳಿ, ಒಂದು ಸಾಮಿಲ್ಲಲ್ಲಿ "ಎರಡು ವರ್ಷದ ಒಣ ಮರ" ಅಂತ ಕೊಟ್ರು, ನಾನು ನಂಬಿ ಆಷಾಢದಲ್ಲಿ ಕೊಡದ ಬಾಯಿ ಮುಚ್ಚೋ ಮುಚ್ಚಳದ ಹಲಗೆ ಅಂಟಿಸಿದೆ, ಶ್ರಾವಣ ಭಾದ್ರಪದ ಎಲ್ಲಾ ಚೆನ್ನಾಗೇ ಇತ್ತು, ಶಿವರಾತ್ರಿ ಹೊತ್ತಿಗೆ ಒಂದು ರಾತ್ರಿ ಟಕ್ ಅಂತ ಸದ್ದು, ಬೆಳಿಗ್ಗೆ ನೋಡಿದ್ರೆ ಹಲಗೆ ಕುದುರೆಯಿಂದ (ತಂತಿ ಕೂರೋ ಮರದ ತುಂಡು) ಕೆಳತನಕ ಸೀಳು. ಮಳೆಗಾಲದಲ್ಲಿ ಮರ ನೀರು ಕುಡಿದು ಅಡ್ಡಕ್ಕೆ ಹಿಗ್ಗುತ್ತೆ, ಬೇಸಿಗೆಗೆ ಕುಗ್ಗುತ್ತೆ, ಉದ್ದಕ್ಕೆ ಮಾತ್ರ ಹೆಚ್ಚೇನೂ ಆಗಲ್ಲ. ಅಡ್ಡಕ್ಕೂ ಎಲ್ಲಾ ಕಡೆ ಒಂದೇ ಥರ ಕುಗ್ಗಲ್ಲ ನೋಡಿ, ದಿಮ್ಮಿ ತುದಿಯಲ್ಲಿ ಕಾಣೋ ಬೆಳವಣಿಗೆ ಉಂಗುರದ ಸುತ್ತ ಕುಗ್ಗೋದು ನಡುವಿಂದ ತೊಗಟೆ ಕಡೆಗೆ ಕುಗ್ಗೋದರ ಹೆಚ್ಚುಕಮ್ಮಿ ಎರಡರಷ್ಟು. ಅದಕ್ಕೇ ಮುಚ್ಚಳದ ಹಲಗೆಯನ್ನ ನಡುವಿಂದ ತೊಗಟೆ ಕಡೆಗೆ ಸೀಳಿಸಿ, ತುದಿ ನೋಡಿದ್ರೆ ಉಂಗುರದ ಗೆರೆಗಳು ನೆಟ್ಟಗೆ ನಿಂತಿರ್ಬೇಕು, ನಗೋ ಬಾಯಿ ಥರ ಬಾಗಿದ್ರೆ ಆ ಹಲಗೆ ಬಾಗಿಲಿಗೆ ಕೊಡಿ. ಹೀಗೆ ಸೀಳಿಸಿದ್ರೆ ಮರ ವೇಸ್ಟ್ ಅಂತ ಸಾಮಿಲ್ಲಿನವ್ರು ಗೊಣಗ್ತಾರೆ, ಗೊಣಗ್ಲಿ, ನೀವು ಅಲ್ಲೇ ನಿಂತು ಮಾಡ್ಸಿ.

ಕೊಡ ಒಂದೇ ತುಂಡಲ್ಲಿ ತೋಡೋದಾದ್ರೆ ದಿಮ್ಮಿಯ ನಟ್ಟನಡುವಿನ ತಿರುಳು ಆ ತುಂಡಲ್ಲಿ ಬರಲೇಬಾರದು, ಬಂದ್ರೆ ಬಿರುಕು ಗ್ಯಾರಂಟಿ. ನಿಮ್ಮದು ಅಜ್ಜನ ಕಾಲದ ಮರ ಅಂದ್ರಲ್ಲ, ಅಷ್ಟು ದಪ್ಪ ಇದ್ರೆ ಅರ್ಧ ದಿಮ್ಮಿಯಲ್ಲೇ ಕೊಡ ಸಿಗುತ್ತೆ. ಹಸಿ ಇರುವಾಗಲೇ ಒರಟಾಗಿ ಒಳಗೆ ತೋಡಿ, ಗೋಡೆ ಎರಡು ಬೆರಳು ದಪ್ಪ ಬಿಟ್ಟು, ನೆರಳಲ್ಲಿ ಇಡಿ, ಗಟ್ಟಿ ದಿಮ್ಮಿಗಿಂತ ಬೇಗ ಒಣಗುತ್ತೆ, ಬಿರುಕೂ ಕಮ್ಮಿ. ಹಲಗೆಗಳಿಗೆ ಇಂಚು ದಪ್ಪಕ್ಕೆ ಒಂದು ವರ್ಷ ಅನ್ನೋ ಹಳೇ ಲೆಕ್ಕ ಇದೆ, ಸಾಗರದ ಮಳೆಗೆ ಅದಕ್ಕಿಂತ ಜಾಸ್ತಿನೇ ಇಟ್ಕೊಳ್ಳಿ. ಹಲಗೆ ಮಧ್ಯೆ ರೀಪು ಕೊಟ್ಟು ಗಾಳಿ ಆಡೋ ಹಾಗೆ ಪೇರಿಸಿ, ಒಂದು ತುಂಡಿನ ಮೇಲೆ ಪೆನ್ಸಿಲ್‌ನಲ್ಲಿ ತೂಕ ಬರೆದಿಡಿ, ತಿಂಗಳಿಗೊಮ್ಮೆ ತೂಗಿ, ಬೇಸಿಗೆಯಲ್ಲೂ ತೂಕ ಇಳಿಯೋದು ನಿಂತ್ರೆ ಒಣಗಿದೆ ಅಂತ. ಇದಕ್ಕೆ ಮೀಟರ್ ಗೀಟರ್ ಬೇಕಿಲ್ಲ, ಅಡುಗೆಮನೆ ತಕ್ಕಡಿ ಸಾಕು. ಕೊನೇ ಎರಡು ತಿಂಗಳು ಅಡಿಕೆ ಒಣಗಿಸೋ ಹೊಗೆಅಟ್ಟ ಇದ್ರೆ ಅಲ್ಲಿಡಿ, ಶುರುವಲ್ಲೇ ಇಟ್ರೆ ಮಾತ್ರ ಸೀಳುತ್ತೆ. ಅಂಟಿಸೋ ಕೆಲಸ ಮಾಘ ಫಾಲ್ಗುಣದ ಒಣ ಹವೆಯಲ್ಲಿ ಮಾಡಿ, ಆಷಾಢದಲ್ಲಿ ಅಪ್ಪಿತಪ್ಪಿಯೂ ಬೇಡ.

ನಾದ ಹೇಗಿದೆ ನೋಡೋಕೆ ತೆಳ್ಳನೆ ಹಲಗೆಯನ್ನ ತುದಿಯಿಂದ ಸುಮಾರು ಕಾಲು ಭಾಗ ಒಳಗೆ ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ನಡುವೆ ಗೆಣ್ಣಿನಿಂದ ತಟ್ಟಿ. ಕಿವಿಗೆ ಒಂದು ಸ್ವರದ ಹಾಗೆ ಕೇಳಿ ಸ್ವಲ್ಪ ಹೊತ್ತು ನಿಲ್ಲಬೇಕು. ರಟ್ಟಿನ ಪೆಟ್ಟಿಗೆ ತಟ್ಟಿದ ಹಾಗೆ ದಬ್ ಅಂದ್ರೆ ಆ ಹಲಗೆ ಬೇಡ. ಒಂದೇ ಮರದ ಎರಡು ಹಲಗೆಗೂ ವ್ಯತ್ಯಾಸ ಇರುತ್ತೆ, ನಿಜವಾಗಿ ಆರಿಸೋ ಕೆಲಸ ಅಂದ್ರೆ ಇದೇ.

ಸಿಲ್ವರ್ ಓಕ್ ಕಾಫಿ ತೋಟದ ನೆರಳಿಗೆ ಅಂತ ಆಸ್ಟ್ರೇಲಿಯಾದಿಂದ ಬಂದ ಮರ, ಅದರ ಜಾತಿಯ ಮರದಲ್ಲಿ ಹೊರಗಡೆ ಗಿಟಾರ್ ಮಾಡ್ತಾರೆ. ನಾನು ಹೇಳಿದ ಹಾಗೆ ಸೀಳಿದ್ರೆ ಮೀನಿನ ಹುರುಪೆ ಥರ ಮಿಂಚುತ್ತೆ, ಪಕ್ಕದ ಪಟ್ಟಿಗೆ ಚೆಂದ. ಆದ್ರೆ ಉಜ್ಜುವಾಗ ಮಾಸ್ಕ್ ಹಾಕಿ, ಕೆಲವ್ರಿಗೆ ಅದರ ಹುಡಿ ತಾಗಿದ್ರೆ ಮೈ ತುರಿಸಿ ಗುಳ್ಳೆ ಏಳುತ್ತೆ. ಅಕೇಶಿಯಾನ ಎಲ್ರೂ ಬೈತಾರೆ, ಅಂತರ್ಜಲ ಕುಡೀತು ಕಾಡು ಹಾಳಾಯ್ತು ಅಂತ, ಆ ಜಗಳಕ್ಕೆ ನಾನು ಬರಲ್ಲ, ಆದ್ರೆ ಹವಾಯಿಯ ಉಕುಲೇಲೆಗೆ (ನಾಲ್ಕು ತಂತಿಯ ಪುಟ್ಟ ಗಿಟಾರ್) ಹೆಸರಾದ ಕೋವಾ ಮರ ಅಕೇಶಿಯಾದ ದಾಯಾದಿನೇ. ನಮ್ಮ ಬೇಲಿದು ಸೊಟ್ಟ ಬೆಳೆಯೋದೇ ಕಷ್ಟ, ಬಾಗಿದ ಕಾಂಡ ಒಳಗೇ ಬಿಗಿ ಹಿಡ್ಕೊಂಡಿರುತ್ತೆ, ಸೀಳಿದ ಕೂಡ್ಲೆ ತಿರುಚುತ್ತೆ. ನೆಟ್ಟಗಿರೋ ತುಂಡು ಸಿಕ್ರೆ ಉಕುಲೇಲೆ ಮಾಡಿ ನೋಡಿ, ತಂಬೂರಿಗಿಂತ ಮುಂಚೆ ಕೈ ಪಳಗುತ್ತೆ.

ಬೀಟೆ ಮಂಚದ ಕಾಲು ಬಂಗಾರ! ಅದರಲ್ಲಿ ಕೊಡ ಆಗಲ್ಲ, ತಂತಿ ಬಿಗಿಯೋ ಬಿರಡೆ, ಕುದುರೆ ಮಾಡಿ. ಬಿರಡೆ ಪ್ರತಿದಿನ ತಿರುಗಿ ಸವೆಯೋ ಭಾಗ, ಅಲ್ಲಿ ಗಟ್ಟಿ ಮರವೇ ಬೇಕು. ಹೊಸದಾಗಿ ಬೀಟೆ ಕಡಿಸೋಕೆ ಹೋಗ್ಬೇಡಿ, ಸ್ವಂತ ಜಾಗದ್ದಾದ್ರೂ ಅರಣ್ಯ ಇಲಾಖೆ ಅನುಮತಿ ಬೇಕು, ಸಾಗಿಸೋಕೂ ಪಾಸ್ ಬೇಕು.

ಪ್ರಶ್ನೆ (ಬೆಂಗಳೂರು): ಗಿಟಾರ್ ಫಿಂಗರ್‌ಬೋರ್ಡಿಗೆ (ಬೆರಳೊತ್ತೋ ಪಟ್ಟಿ) ಬೀಟೆ ಬಿಟ್ರೆ ನಮ್ಮ ಮರ ಯಾವುದೂ ಆಗಲ್ವಾ? ಅಮೆರಿಕಕ್ಕೆ ತಗೊಂಡು ಹೋದ್ರೆ ಹಿಡೀತಾರಂತೆ?

ಉತ್ತರ: ಎತ್ತಿನಗಾಡಿ ಚಕ್ರಕ್ಕೆ ಹಾಕೋ ಜಾಲಿ ಕೆಚ್ಚು ಆಗುತ್ತೆ, ಹಳೇ ಹುಣಸೆ ಮರದ ನಡುವಿನ ಕರೀ ಕೆಚ್ಚು ಇನ್ನೂ ಚೆಂದ, ಸಿಗೋದು ಕಮ್ಮಿ, ಉಳಿ ಮೊಂಡಾಗುತ್ತೆ ಅಷ್ಟೇ. ಇನ್ನು ಬೀಟೆ ಜಾತಿ ಎಲ್ಲಾ 2017ರ ಜನವರಿಯಿಂದ ಸೈಟಿಸ್ (ಅಪಾಯದಲ್ಲಿರೋ ಜೀವಿ, ಮರಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತಾರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಬಂತು, ಆಗ ಗಿಟಾರಿನವ್ರೆಲ್ಲ ಒದ್ದಾಡಿದ್ದು ನಿಜ, ಆದ್ರೆ 2019ರ ನವೆಂಬರಿಂದ ನಮ್ಮ ಬೀಟೆಯಲ್ಲಿ ಮಾಡಿ ಮುಗಿಸಿದ ವಾದ್ಯಕ್ಕೆ ಆ ಪಟ್ಟಿಯಿಂದ ವಿನಾಯ್ತಿ ಇದೆ. ಬರೀ ಹಲಗೆ ಬ್ಯಾಗಲ್ಲಿ ಹಾಕ್ಕೊಂಡು ಹೋಗ್ಬೇಡಿ.

ಪ್ರಶ್ನೆ (ಗದಗ): ಹಿತ್ತಲ ಸೋರೆಕಾಯಿ ಬುರುಡೆಯಲ್ಲಿ ಏಕತಾರಿ ಮಾಡಬಹುದಾ?

ಉತ್ತರ: ಮಾಡಬಹುದು, ಆದ್ರೆ ಸಾರು ಮಾಡೋ ತೆಳ್ಳನೆ ಸೋರೆ ಅಲ್ಲ, ದಪ್ಪ ಸಿಪ್ಪೆಯ ಕಹಿ ಸೋರೆ. ಮೀರಜ್‌ನ ಸಿತಾರು ತಂಬೂರಿಗೆಲ್ಲ ಪಂಢರಪುರದ ಕಡೆಯಿಂದ ಅಂಥ ಬುರುಡೆ ಬರುತ್ತೆ. ಬಳ್ಳಿ ತಾನಾಗೇ ಒಣಗೋ ತನಕ ಕಾಯಿ ಕೀಳ್ಬೇಡಿ, ಅಲುಗಾಡಿಸಿದ್ರೆ ಬೀಜ ಗಲಗಲ ಅನ್ನಬೇಕು. ಆಮೇಲೆ ಬಾಯಿ ಕೊಯ್ದು, ಎರಡು ದಿನ ನೀರು ತುಂಬಿಟ್ಟು, ಒಳಗಿನ ತಿರುಳು ಕೆರೆದು ತೆಗೆದು ನೆರಳಲ್ಲಿ ಒಣಗಿಸಿ. ದಂಡಿಗೆ ಒಳಗೆ ಪೊಳ್ಳಿಲ್ಲದ ಗಟ್ಟಿ ಬಿದಿರು, ಮುಖಕ್ಕೆ ಮೇಕೆ ಚರ್ಮ. ಯಾರಾದ್ರೂ ಉಡದ ಚರ್ಮ ತಂದುಕೊಡ್ತೀನಿ ಅಂದ್ರೆ ವಾಪಸ್ ಕಳಿಸಿ, ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ, ಮತ್ತೆ ಮೇಕೆ ಚರ್ಮದಲ್ಲೂ ತಂತಿ ಚೆನ್ನಾಗೇ ಗುಂಯ್ ಅನ್ನುತ್ತೆ.